ಮುಂಬೈ ಮಳೆ, ಬೆವರು, ಲೋಕಲ್ ಟ್ರೇನು: ದಿನಾ ಹಾಕುವ ಒಡವೆಯ ಜೋಪಾನಕ್ಕೊಂದು ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಮುಂಬೈಯ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ. ಉಪ್ಪಿನ ಡಬ್ಬಿ ನೀರು ಬಿಡುತ್ತದೆ. ಹೊರಗೋಡೆಗೆ ತಾಗಿಸಿ ಇಟ್ಟ ಕಪಾಟಿನ ಬೆನ್ನಿಗೆ ಬೂಸಲು ಹಿಡಿಯುತ್ತದೆ. ಅದೇ ಕಪಾಟಿನ ಒಳಗೆ ಒಂದು ಹಳೇ ಸ್ವೀಟ್ ಡಬ್ಬಿ, ಅದರೊಳಗೆ ಬೆಳ್ಳಿ ಗೆಜ್ಜೆ, ಮುತ್ತಿನ ಓಲೆ, ಒಂದು ಗ್ರಾಂ ಚಿನ್ನದ ಬಳೆ, ಕೊಂಡಿ ಕಿತ್ತುಹೋದ ಚೈನು ಎಲ್ಲಾ ಒಟ್ಟಿಗೆ. ನಿಮ್ಮ ಮನೆಯಲ್ಲೂ ಹೀಗೇ ಇದೆ ಅಲ್ವಾ?

ಧಾರವಾಡ, ವಿಜಯಪುರದ ಕಡೆಯಿಂದ ಬಂದವರಿಗೆ ಈ ತೇವವೇ ಹೊಸದು. ಉಡುಪಿ, ಮಂಗಳೂರಿನವರಿಗೆ ಮಳೆ ಗೊತ್ತು, ಆದರೆ ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ನಿಂತುಕೊಂಡೇ ಬರುವಾಗ ಕುತ್ತಿಗೆಯಲ್ಲಿ ಹರಿಯುವ ಬೆವರು, ಪಕ್ಕದವರ ಬ್ಯಾಗಿನ ಪಟ್ಟಿಗೆ ಸಿಕ್ಕಿಕೊಳ್ಳುವ ಸರ, ಇದು ಊರಲ್ಲಿ ಇರಲಿಲ್ಲ. ಗೋವಾದಲ್ಲಿ ಇರುವವರಿಗೆ ಇದರ ಮೇಲೆ ಸಮುದ್ರದ ಉಪ್ಪು ಗಾಳಿ. ಪುಣೆ ಸ್ವಲ್ಪ ಒಣ ಊರು, ಆದರೆ ಅಲ್ಲಿ ಟ್ಯಾಂಕರ್ ಮತ್ತು ಬೋರ್‌ವೆಲ್ ನೀರಿನ ಗಡಸುತನ ಬೇರೆ ತಲೆನೋವು.

ಒಡವೆ ಹಾಳಾಗುವುದು ಹಾಕಿಕೊಂಡಿದ್ದಕ್ಕಲ್ಲ. ಒದ್ದೆಯಾಗಿಯೇ ಇಟ್ಟಿದ್ದಕ್ಕೆ, ಒಂದರ ಮೇಲೊಂದು ರಾಶಿ ಹಾಕಿದ್ದಕ್ಕೆ. ಆದ್ದರಿಂದ ಒರೆಸಿ, ಒಣಗಿಸಿ, ಒಂಟಿಯಾಗಿ ಇಡಿ. ಕೆಳಗೆ ಬರೆದಿರುವುದೆಲ್ಲ ಈ ಮೂರು ಕೆಲಸವನ್ನು ಯಾವ ಒಡವೆಗೆ ಹೇಗೆ ಮಾಡಬೇಕು ಅನ್ನುವುದರ ವಿವರ.

ಮೊದಲು ಡಬ್ಬಿ ಸುರಿದು ವಿಂಗಡಿಸಿ

ಒಂದು ಭಾನುವಾರ ಮಧ್ಯಾಹ್ನ ಹಾಸಿಗೆಯ ಮೇಲೆ ಬಿಳಿ ಪಂಚೆ ಹರಡಿ ಎಲ್ಲವನ್ನೂ ಸುರಿಯಿರಿ. ಬಿಳಿ ಬಟ್ಟೆ ಯಾಕೆ ಅಂದರೆ ಕಳಚಿ ಬಿದ್ದ ಸಣ್ಣ ಹರಳು, ಓಲೆಯ ತಿರುಪು ಕಣ್ಣಿಗೆ ಬೀಳುತ್ತದೆ. ಆಮೇಲೆ ಗುಂಪು ಮಾಡಿ: ಬರೀ ಚಿನ್ನ, ಹರಳು ಕೂರಿಸಿದ ಚಿನ್ನ, ಬೆಳ್ಳಿ, ಮುತ್ತು ಮತ್ತು ಹವಳ, ಕುಂದಣ, ಕೆಂಪು ಕಲ್ಲಿನಂಥ ಹಿಂಬದಿ ಮುಚ್ಚಿದ ಒಡವೆ, ಕೊನೆಗೆ ಒಂದು ಗ್ರಾಂ ಚಿನ್ನ ಮತ್ತು ಇಮಿಟೇಶನ್.

ಯಾವುದು ಏನು ಅಂತ ಗೊತ್ತಿಲ್ಲದಿದ್ದರೆ ಒಳಬದಿಯ ಮುದ್ರೆ ನೋಡಿ. 916 ಅಂದರೆ 22 ಕ್ಯಾರೆಟ್, 750 ಅಂದರೆ 18, 585 ಅಂದರೆ 14. ಬೆಳ್ಳಿಯ ಮೇಲೆ 925 ಇದ್ದರೆ ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಚಿನ್ನದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಶುದ್ಧತೆ, ಜೊತೆಗೆ ಒಂದೊಂದು ಒಡವೆಗೂ ಬೇರೆಬೇರೆಯಾದ, ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ, ಅಂದರೆ ಎಚ್‌ಯುಐಡಿ ಇರಲೇಬೇಕು. ಆ ಆರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಜಾತಕ ಸಿಗುತ್ತದೆ. ಅಮ್ಮನ ಕಾಲದ ಬಳೆಗೆ ಇದೇನೂ ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ.

ಕ್ಯಾರೆಟ್ ತಿಳಿದುಕೊಂಡರೆ ಒಂದು ಉಪಯೋಗ ಇದೆ. 22 ಕ್ಯಾರೆಟ್ ಮೆತ್ತಗೆ, ಬೇಗ ಗೀರು ಬೀಳುತ್ತದೆ, ಬಾಗುತ್ತದೆ, ಆದರೆ ಬಣ್ಣ ಕೆಡುವುದು ಕಡಿಮೆ. 18 ಮತ್ತು 14 ಗಟ್ಟಿ, ಆದರೆ ಬೆರಕೆಯ ತಾಮ್ರ, ಬೆಳ್ಳಿ ಜಾಸ್ತಿ ಇರುವುದರಿಂದ ಬೆವರಿಗೆ, ಕ್ಲೋರಿನ್‌ಗೆ ಬೇಗ ಮಂಕಾಗುತ್ತದೆ. ದಿನಾ ಟ್ರೇನಿನಲ್ಲಿ ಓಡಾಡುವವರ ಉಂಗುರಕ್ಕೆ, ಅದರಲ್ಲೂ ಹರಳಿನ ಉಂಗುರಕ್ಕೆ, 18 ಕ್ಯಾರೆಟ್ಟೇ ಸರಿ ಅಂತ ನನ್ನ ಅಭಿಪ್ರಾಯ. ಮನೆಯ ಹಿರಿಯರು ಒಪ್ಪುವುದಿಲ್ಲ, ಇರಲಿ.

ದಿನದ ಅಭ್ಯಾಸ: ಕೊನೆಗೆ ಹಾಕಿ, ಮೊದಲು ತೆಗೆಯಿರಿ

ಕ್ರೀಮು, ಪೌಡರು, ಹೇರ್ ಸ್ಪ್ರೇ, ಸೆಂಟು ಎಲ್ಲ ಆದ ಮೇಲೆ, ಅವು ಮೈಗೆ ಹೀರಿಕೊಂಡ ಮೇಲೆ, ಒಡವೆ. ಮನೆಗೆ ಬಂದ ಕೂಡಲೇ ಚಪ್ಪಲಿ ಬಿಟ್ಟಂತೆ ಮೊದಲು ಅದನ್ನೇ ತೆಗೆಯಿರಿ. ಸೆಂಟಿನ ಆಲ್ಕೋಹಾಲ್ ಮುತ್ತಿನ ಮೇಲ್ಪದರವನ್ನು ಕೆಡಿಸುತ್ತದೆ, ಇಮಿಟೇಶನ್ ಒಡವೆಯ ಲೇಪವನ್ನು ಎಬ್ಬಿಸುತ್ತದೆ.

ಚಿನ್ನದ ಸರ ಹಾಕಿದ ಕಡೆ ಕುತ್ತಿಗೆ ಕಪ್ಪಾದರೆ "ಚಿನ್ನ ಖೋಟಾ" ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವವರಿದ್ದಾರೆ. ಮುಖದ ಪೌಡರು, ಸನ್‌ಸ್ಕ್ರೀನ್‌ಗಳಲ್ಲಿ ಇರುವ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಕಣಗಳು ಮೆತ್ತನೆಯ ಚಿನ್ನವನ್ನು ಸಣ್ಣಗೆ ಉಜ್ಜುತ್ತವೆ. ಉದುರಿದ ಆ ಪುಡಿಯೇ ಚರ್ಮದ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಬೆರಕೆಯ ತಾಮ್ರ, ಬೆಳ್ಳಿ ಬೆವರಿನ ಜೊತೆ ಸೇರಿದಾಗಲೂ ಹೀಗಾಗುತ್ತದೆ. ಕುತ್ತಿಗೆಗೆ ಪೌಡರ್ ಹಾಕುವುದನ್ನು ಒಂದು ವಾರ ಬಿಟ್ಟು ನೋಡಿ, ಆಮೇಲೆ ಜಗಳಕ್ಕೆ ಹೋಗಿ.

ಇವುಗಳ ಹೊತ್ತಿನಲ್ಲಿ ಒಡವೆ ಕೈಯಲ್ಲಿ ಇರಬಾರದು:

- ಬ್ಲೀಚಿಂಗ್ ಪೌಡರು, ಬಾತ್‌ರೂಮ್ ತೊಳೆಯುವ ಆ್ಯಸಿಡ್. ಕ್ಲೋರಿನ್ ತಾಗಿದರೆ ಬೆಳ್ಳಿ ಕೆಡುತ್ತದೆ, 14–18 ಕ್ಯಾರೆಟ್ ಚಿನ್ನದಲ್ಲಿ ಹರಳು ಹಿಡಿದ ಸಣ್ಣ ಕೊಕ್ಕೆಗಳು ಪೆಡಸಾಗಿ ಮುರಿಯುತ್ತವೆ.
- ಸೊಸೈಟಿಯ ಈಜುಕೊಳ. ಕಾರಣ ಅದೇ ಕ್ಲೋರಿನ್.
- ಕಡಲು. ನೀರಿನಲ್ಲಿ ಬೆರಳು ತಣ್ಣಗಾಗಿ ಸಣ್ಣಗಾಗುತ್ತದೆ, ಉಂಗುರ ಸುಮ್ನೆ ಜಾರಿ ಹೋಗುತ್ತದೆ. ಕಲಂಗೂಟ್, ಬಾಗಾ ಬೀಚಿನ ಮರಳಲ್ಲಿ ಅದನ್ನು ಹುಡುಕುವುದು ಕನಸಿನ ಮಾತು. ಸಾಲದ್ದಕ್ಕೆ ಮರಳು ಅಂದರೆ ಹೆಚ್ಚಿನಂಶ ಕ್ವಾರ್ಟ್ಜ್, ಹತ್ತರವರೆಗಿನ ಮೋಸ್ ಅಳತೆಯಲ್ಲಿ ಅದರ ಗಡಸುತನ 7. ಚಿನ್ನ, ಬೆಳ್ಳಿಯದು 3ರ ಒಳಗೆ. ಮರಳು ಮೆತ್ತಿದ ಬಳೆಯನ್ನು ಉಜ್ಜಿ ಒರೆಸಿದರೆ ಮರಳು ಕಾಗದದಲ್ಲಿ ತಿಕ್ಕಿದ ಹಾಗೆ. ಮೊದಲು ನೀರಲ್ಲಿ ಜಾಲಾಡಿಸಿ.
- ಚಪಾತಿ ಹಿಟ್ಟು ನಾದುವಾಗ. ಹಿಟ್ಟು ಉಂಗುರದ ಸಂದಿಗೆ ಹೋಗಿ ಕುಳಿತರೆ ಹರಳು ಮಂಕಾಗುತ್ತದೆ.
- ಮಲಗುವಾಗ, ತೆಳ್ಳಗಿನ ಚೈನು ಮತ್ತು ಜುಮಕಿ. ಚೈನು ಗಂಟಾಗುತ್ತದೆ, ಜುಮಕಿ ಕಿವಿಯ ತೂತನ್ನು ಎಳೆಯುತ್ತದೆ.

ರಾತ್ರಿಯ ಕೆಲಸ ಒಂದೇ ನಿಮಿಷದ್ದು. ಹಳೇ ಮಲ್‌ಮಲ್ ಪಂಚೆಯ ಚೂರು ಒಂದನ್ನು ಕನ್ನಡಿಯ ಹತ್ತಿರ ಇಟ್ಟುಕೊಳ್ಳಿ. ತೆಗೆದದ್ದನ್ನು ಅದರಲ್ಲಿ ಒರೆಸಿ, ಒಂದು ಅಗಲ ತಟ್ಟೆಯಲ್ಲಿ ಹರಡಿ ಬಿಡಿ, ಊಟ ಮುಗಿಸಿ ಬಂದು ಡಬ್ಬಿಗೆ ಹಾಕಿ. ಟ್ರೇನಿನಿಂದ ಬಂದ ಬೆವರಿನ ಸಮೇತ ಮುಚ್ಚಿಟ್ಟರೆ ಬೆಳಿಗ್ಗೆವರೆಗೂ ಆ ಉಪ್ಪು ನೀರು ಕೊಂಡಿಯ ಸಂದಿಯಲ್ಲಿ ಕುಳಿತೇ ಇರುತ್ತದೆ.

ಚಿನ್ನ ತೊಳೆಯುವುದು

ತಿಂಗಳಿಗೊಮ್ಮೆ ಸಾಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಇದು ಬರೀ ಚಿನ್ನಕ್ಕೆ, ಮತ್ತು ಹಿಂಬದಿ ತೆರೆದಿರುವ ವಜ್ರದ ಒಡವೆಗೆ.

1. ವಾಶ್‌ಬೇಸಿನ್‌ನಲ್ಲಿ ಕೂಡದು. ಊಟದ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಬೋಗುಣಿ ಇಟ್ಟುಕೊಳ್ಳಿ.
2. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ನಿಂಬೆ, ವಿನೆಗರ್ ಸೇರಿಸಿದ್ದು ಬೇಡ. ಅಂಟುವಾಳ ಕಾಯಿ ಸಿಕ್ಕರೆ ನಾಲ್ಕು ಕಾಯಿ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಹಿಸುಕಿ ಸೋಸಿದ ನೀರೇ ಬೇಕಾದಷ್ಟು. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ರೀಠಾ ಅಂತ ಕೇಳಿ.
3. ಹದಿನೈದು, ಇಪ್ಪತ್ತು ನಿಮಿಷ ನೆನೆಯಲಿ. ಎಣ್ಣೆ, ಕ್ರೀಮಿನ ಜಿಡ್ಡು ತಾನಾಗಿ ಬಿಡುತ್ತದೆ. ಅವಸರ ಮಾಡಿ ಉಜ್ಜಬೇಡಿ.
4. ಮಕ್ಕಳ ಮೆತ್ತನೆ ಟೂತ್‌ಬ್ರಶ್‌ನಿಂದ ಹಿಂಬದಿಯಿಂದ ಶುರು ಮಾಡಿ. ಕೊಳೆ ಇರುವುದು ಅಲ್ಲೇ. ಹರಳಿನ ಕೆಳಗಿನ ತೂತು, ಕೊಂಡಿ, ತಿರುಪಿನ ಸುತ್ತು ಬಿಡಬೇಡಿ.
5. ತೊಳೆಯುವಾಗ ಟೀ ಸೋಸುವ ಜಾಲರಿಯೊಳಗೆ ಒಡವೆ ಇಟ್ಟು ಮೇಲಿಂದ ನೀರು ಬಿಡಿ. ಕೊನೆಯ ಸಲ ಫಿಲ್ಟರ್ ನೀರು. ಪುಣೆಯ ಗಡಸು ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ವಜ್ರದ ಮೇಲೆ ಬಿಳಿ ಕಲೆ ಕೂರುತ್ತದೆ.
6. ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ. ಒಳಗೆ ಟೊಳ್ಳಿರುವ ಬಳೆಗೆ, ಗುಂಡಿನ ಸರಕ್ಕೆ ಎರಡು ಗಂಟೆ.

ಟೂತ್‌ಪೇಸ್ಟ್ ಬೇಡ, ಸೋಡಾ ಪುಡಿ ಹಾಕಿ ಉಜ್ಜುವುದೂ ಬೇಡ. ವಾಟ್ಸಾಪ್‌ನಲ್ಲಿ ಎಷ್ಟೇ ಸಲ ಬಂದಿರಲಿ. ಪೇಸ್ಟಿನಲ್ಲಿ ಹಲ್ಲಿನ ಪಾಚಿ ತೆಗೆಯಲು ಹಾಕಿರುವ ಒರಟು ಕಣ ಇರುತ್ತದೆ. ಹಲ್ಲಿನ ಎನಾಮಲ್ ಅದನ್ನು ತಡೆಯುತ್ತದೆ, 22 ಕ್ಯಾರೆಟ್ ಚಿನ್ನ ತಡೆಯುವುದಿಲ್ಲ. ಆ ಕ್ಷಣಕ್ಕೆ ಹೊಳಪು ಬಂದಂತೆ ಕಾಣುತ್ತದೆ, ಬೆಳಕಿಗೆ ಹಿಡಿದು ನೋಡಿದರೆ ಮೈತುಂಬ ಕೂದಲೆಳೆಯ ಗೀರು. ಇನ್ನೊಂದು, ಹಳೇ ಥರ್ಮಾಮೀಟರ್ ಒಡೆದು ಪಾದರಸ ಬಿದ್ದ ಕಡೆ ಉಂಗುರದ ಕೈ ಹಾಕಬೇಡಿ. ಪಾದರಸ ಚಿನ್ನದೊಳಗೆ ಸೇರಿಕೊಂಡು ಅದನ್ನು ಬೆಳ್ಳಗೆ ಮಾಡುತ್ತದೆ. ಅದನ್ನು ಮನೆಯಲ್ಲಿ ಬಿಸಿ ಮಾಡಿ ಬಿಡಿಸಲು ಹೋಗಲೇಬೇಡಿ, ಆ ಹೊಗೆ ವಿಷ.

ಕರಿಮಣಿ ಸರಕ್ಕೆ ಬೇರೆಯೇ ಲೆಕ್ಕ

ಹೆಚ್ಚಿನವರು ತೆಗೆಯದೇ ಹಾಕಿಕೊಳ್ಳುವ ಒಡವೆ ಇದು. ಅದಕ್ಕೇ ಅತಿ ಹೆಚ್ಚು ಸವೆಯುವುದೂ ಇದೇ. ಸ್ನಾನದ ಸೋಪು, ಶುಕ್ರವಾರದ ಅರಿಶಿನ ಕುಂಕುಮ, ಬೆವರು, ಎಲ್ಲ ಸೇರಿ ತಾಳಿಯ ಬಟ್ಟಲಿನ ಹಿಂದೆ ಗಟ್ಟಿ ಹೆಪ್ಪಾಗಿರುತ್ತದೆ. ಒಮ್ಮೆ ತಿರುಗಿಸಿ ನೋಡಿ. ಎರಡು ಬಟ್ಟಲು ಸೇರುವ ಕಡೆ, ಸಣ್ಣ ಬಳೆಯಂಥ ಕಡಿಯ ಸುತ್ತ, ಹಳದಿ-ಕಂದು ಪದರ ಕಾಣುತ್ತದೆ.

ಸರ ತೆಗೆಯಲು ಮನಸ್ಸಿಲ್ಲದಿದ್ದರೆ ಹಾಕಿಕೊಂಡೇ ತೊಳೆಯಬಹುದು. ಒಂದು ಲೋಟದಲ್ಲಿ ಸೋಪಿನ ನೀರು ಹಿಡಿದು ತಾಳಿಯನ್ನಷ್ಟೇ ಹತ್ತು ನಿಮಿಷ ಅದರಲ್ಲಿ ಇಳಿಬಿಡಿ. ಟೂತ್‌ಪಿಕ್‌ನ ತುದಿಗೆ ಬಟ್ಟೆ ಸುತ್ತಿ ಸಂದಿಯ ಹೆಪ್ಪು ಎಬ್ಬಿಸಿ. ಪಿನ್ನು, ಸೂಜಿ ಬಳಸಿದರೆ ಗೀರು ಖಾತ್ರಿ. ಅರಿಶಿನ ಹಚ್ಚುವವರು ಚಿಟಿಕೆಯಷ್ಟೇ ಹಚ್ಚಿ, ಮಾರನೇ ದಿನ ಒರೆಸಿ. ಪದ್ಧತಿಗೂ ತೊಂದರೆ ಇಲ್ಲ, ತಾಳಿಗೂ ಇಲ್ಲ.

ಕರಿಮಣಿ ಎರಡು ಥರ ಪೋಣಿಸಿರುತ್ತಾರೆ. ಚಿನ್ನದ ತಂತಿಯಲ್ಲಿ ಸುತ್ತಿದ್ದಾದರೆ ಒಂದೊಂದು ಮಣಿಯ ಎರಡೂ ಕಡೆ ಸಣ್ಣ ಕುಣಿಕೆ ಇರುತ್ತದೆ. ಆ ಕುಣಿಕೆಗಳು ಒಂದಕ್ಕೊಂದು ಉಜ್ಜಿ ಉಜ್ಜಿ ತೆಳುವಾಗುತ್ತವೆ. ಎಲ್ಲಕ್ಕಿಂತ ಮೊದಲು ಹೋಗುವುದು ಕೊಂಡಿಯ ಪಕ್ಕದ್ದು ಮತ್ತು ತಾಳಿ ನೇತಾಡುವ ಕಡೆಯದು, ಭಾರ ಬೀಳುವುದು ಅಲ್ಲೇ. ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿ, ಕುಣಿಕೆಯ ಒಳಗೆ ಹಳ್ಳ ಬಿದ್ದಿದ್ದರೆ ಅಕ್ಕಸಾಲಿಗರ ಹತ್ತಿರ ಹೋಗುವ ಹೊತ್ತು ಬಂತು ಅಂತ ತಿಳಿಯಿರಿ. ದಾರದಲ್ಲಿ ಪೋಣಿಸಿದ್ದಾದರೆ ಬೆವರಿಗೆ ದಾರ ಒಳಗೊಳಗೇ ಕೊಳೆಯುತ್ತದೆ. ಮಣಿಗಳ ನಡುವೆ ದಾರ ಕಾಣುವಷ್ಟು ಜಾಗ ಬಿಟ್ಟಿದೆ ಅಂದರೆ ದಾರ ಸಡಿಲಾಗಿದೆ. ಕಿತ್ತು ಹೋಗುವವರೆಗೆ ಕಾಯಬೇಡಿ, ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ದಾರ ಬದಲಾಯಿಸಿಬಿಡಿ.

ಕರಾವಳಿಯ ಕೆಲವು ಮನೆಗಳಲ್ಲಿ ಕರಿಮಣಿಯ ಜೊತೆ ಹವಳ ಸೇರಿಸಿರುತ್ತಾರೆ. ಅದನ್ನು ಸೋಪಿನಲ್ಲಿ ನೆನೆಸಬೇಡಿ, ಕಾರಣ ಮುಂದೆ ಇದೆ. ಬೋರಮಾಳ, ಠುಶಿಯಂಥ ಸರ ಇದ್ದರೆ ಅದರ ಗುಂಡಿನೊಳಗೆ ಅರಗು ತುಂಬಿರುತ್ತದೆ. ಬಿಸಿ ನೀರಿಗೆ ಹಾಕಿದರೆ ಅರಗು ಮೆತ್ತಗಾಗಿ ಗುಂಡು ನೆಗ್ಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬೆಳ್ಳಿ ಕಪ್ಪಾಗುವುದು, ಬೆಳ್ಳಗಾಗುವುದು

ಬೆಳ್ಳಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲ, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಅನ್ನುವ ಕಪ್ಪು ಪದರ ಕಟ್ಟುತ್ತದೆ. ಗಾಳಿಯಲ್ಲಿ ತೇವ ಇದ್ದಷ್ಟೂ ಇದು ಬೇಗ. ಖಾಡಿಯ (ಕಡಲಿನ ಹಿನ್ನೀರಿನ) ಅಥವಾ ಗಟಾರದ ಪಕ್ಕದ ಮನೆಯಲ್ಲಿ ಬೆಳ್ಳಿ ಬೇಗ ಕಪ್ಪಾಗುವುದು ಇದಕ್ಕೇ. ಮೊಟ್ಟೆ, ಈರುಳ್ಳಿಯಲ್ಲೂ ಗಂಧಕ ಇದೆ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್‌ನಲ್ಲೂ ಇದೆ. ಗೆಜ್ಜೆಗೆ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟವರು ಬಿಚ್ಚಿ ನೋಡಿ, ರಬ್ಬರ್ ತಾಗಿದ ಕಡೆ ಅಚ್ಚು ಹೊಡೆದಂತೆ ಕಪ್ಪು ಗೆರೆ ಇರುತ್ತದೆ.

ಸರಳ ಗೆಜ್ಜೆ, ಕಾಲುಂಗುರ, ಬೆಳ್ಳಿ ಚೈನಿಗೆ ಈ ವಿಧಾನ:

1. ಗಾಜಿನ ಅಥವಾ ಪಿಂಗಾಣಿ ಬೋಗುಣಿಯ ತಳಕ್ಕೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಹೊಳೆಯುವ ಬದಿ ಮೇಲೆ.
2. ಗೆಜ್ಜೆಯನ್ನು ಫಾಯಿಲ್‌ಗೆ ತಾಗುವಂತೆ ಇಡಿ. ತಾಗದಿದ್ದರೆ ಕೆಲಸ ಆಗುವುದಿಲ್ಲ.
3. ಒಂದು ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು ಉದುರಿಸಿ, ಮುಳುಗುವಷ್ಟು ಕುದಿಯುವ ನೀರು ಹೊಯ್ಯಿರಿ.
4. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಸರಿಯಾಗಿ ನಡೆಯುತ್ತಿದೆ ಅನ್ನುವ ಗುರುತು. ಕಿಟಕಿ ತೆಗೆದಿಡಿ.
5. ಐದು ನಿಮಿಷ ಬಿಟ್ಟು ಚಿಮಟದಲ್ಲಿ ತೆಗೆದು, ತೊಳೆದು, ಒರೆಸಿ. ಇನ್ನೂ ಕಪ್ಪಿದ್ದರೆ ಹೊಸ ನೀರು, ಹೊಸ ಸೋಡಾ ಹಾಕಿ ಇನ್ನೊಮ್ಮೆ.

ಇಲ್ಲಿ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಉಜ್ಜಿ ತೆಗೆದರೆ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ. ಅದಕ್ಕೇ ವಿಭೂತಿ ಹಾಕಿ ತಿಕ್ಕುವ ಪದ್ಧತಿ ದೇವರ ಮನೆಯ ದೀಪಕ್ಕೆ ಇರಲಿ, ತೆಳ್ಳನೆ ಗೆಜ್ಜೆಗೆ ಬೇಡ.

ಆದರೆ ಬೇಕಂತಲೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಬೆಳ್ಳಿಯನ್ನು ಈ ನೀರಿಗೆ ಹಾಕಿದರೆ ವಿನ್ಯಾಸವೇ ಮಾಯ. ಮೀನಾಕಾರಿ ಬಣ್ಣ ಇದ್ದದ್ದು, ಕಲ್ಲು ಅಂಟಿಸಿದ್ದು, ಮುತ್ತು ಇದ್ದದ್ದೂ ಬೇಡ. ಮತ್ತೆ, ಕಿರುಗೆಜ್ಜೆಗಳ ಒಳಗೆ ನೀರು ನಿಲ್ಲುತ್ತದೆ. ಬಟ್ಟೆಯಲ್ಲಿ ಸುತ್ತಿ ಕುಲುಕಿ, ಒಂದು ರಾತ್ರಿ ಫ್ಯಾನಿನ ಕೆಳಗೆ ಬಿಡಿ.

ದಿನಾ ಹಾಕುವ ಬೆಳ್ಳಿ ಡಬ್ಬಿಯಲ್ಲಿಟ್ಟ ಬೆಳ್ಳಿಗಿಂತ ನಿಧಾನವಾಗಿ ಕಪ್ಪಾಗುತ್ತದೆ, ಮೈಗೆ ಉಜ್ಜಿ ಉಜ್ಜಿ ಪದರ ಕಟ್ಟಲು ಬಿಡುವುದಿಲ್ಲ. ಅಂದಮೇಲೆ ಹಾಕಿಕೊಳ್ಳಿ.

ನೀರು ಮುಟ್ಟಿಸಬಾರದವು

ಮುತ್ತು, ಹವಳ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಕರಗುತ್ತವೆ. ಬೆವರೂ ಸ್ವಲ್ಪ ಹುಳಿಯೇ. ಹಾಕಿ ತೆಗೆದ ಕೂಡಲೇ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ. ಮುತ್ತಿನ ಸರವನ್ನು ನೇತುಹಾಕಬೇಡಿ, ದಾರ ಹಿಗ್ಗುತ್ತದೆ. ಪೋಣಿಸುವಾಗ ಪ್ರತಿ ಮುತ್ತಿನ ನಡುವೆ ಗಂಟು ಹಾಕಿಸಿ. ಕಿತ್ತರೆ ಒಂದು ಬೀಳುತ್ತದೆ, ಇಡೀ ಸರ ದಾದರ್ ಬ್ರಿಜ್ಜಿನ ಮೆಟ್ಟಿಲ ಮೇಲೆ ಉರುಳುವುದಿಲ್ಲ.

ಪಚ್ಚೆಯಲ್ಲಿ ಸಣ್ಣ ಬಿರುಕು ಸಾಮಾನ್ಯ. ಹೆಚ್ಚಿನವಕ್ಕೆ ಎಣ್ಣೆ ತುಂಬಿರುತ್ತಾರೆ. ಬಿಸಿ ನೀರಲ್ಲಿ, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಆ ಎಣ್ಣೆ ಹೊರಬಂದು ಬಿರುಕು ಎದ್ದು ಕಾಣುತ್ತದೆ. ಯಂತ್ರಕ್ಕೆ ಹಾಕುವ ಮುಂಚೆ "ಇದು ಪಚ್ಚೆ" ಅಂತ ನೀವೇ ಹೇಳಿ.

ಕುಂದಣ, ಕೆಂಪು ಕಲ್ಲಿನ ಓಲೆ, ಅಜ್ಜಿಯ ಕಾಲದ ಹಿಂಬದಿ ಮುಚ್ಚಿದ ವಜ್ರದ ಓಲೆ ಇವುಗಳ ಕಲ್ಲಿನ ಕೆಳಗೆ ತೆಳ್ಳನೆ ಹೊಳಪಿನ ತಗಡು ಇರಬಹುದು, ಕುಂದಣದಲ್ಲಿ ಅರಗೂ ಇರುತ್ತದೆ. ನೀರು ಒಳಗೆ ಇಳಿದರೆ ತಗಡು ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ. ಒಣ ಬ್ರಶ್, ಒಣ ಬಟ್ಟೆ, ಅಷ್ಟೇ.

ಒಂದು ಗ್ರಾಂ ಚಿನ್ನ ಅಂದರೆ ಹಿತ್ತಾಳೆ ಅಥವಾ ತಾಮ್ರದ ಮೇಲೆ ಚಿನ್ನದ ಲೇಪ. ಲೇಪ ಹೋದ ಮೇಲೆ ಯಾವ ಮದ್ದೂ ಇಲ್ಲ. ಒಣದಾಗಿ ಇಡಿ, ಬೆವರುವ ದಿನ ಹಾಕಬೇಡಿ. ಮೈಗೆ ತಾಗುವ ಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಪದರ ಹಚ್ಚಿದರೆ ಸ್ವಲ್ಪ ಜಾಸ್ತಿ ಬಾಳುತ್ತದೆ, ಕಿವಿ ತುರಿಸುವವರಿಗೂ ಆರಾಮ.

ಇಡುವ ಜಾಗ, ಇಡುವ ಬಗೆ

ಜಾಗ ಮೊದಲು. ಹೊರಗೋಡೆಗೆ, ಬಾತ್‌ರೂಮ್ ಗೋಡೆಗೆ ತಾಗಿದ ಕಪಾಟು ಬೇಡ. ಬೇರೆ ಜಾಗವೇ ಇಲ್ಲ ಅನ್ನುವವರು, ಇಲ್ಲಿನ ಫ್ಲ್ಯಾಟ್‌ಗಳಲ್ಲಿ ಅದೇ ಜಾಸ್ತಿ, ಕಪಾಟನ್ನು ಗೋಡೆಯಿಂದ ಎರಡು ಇಂಚು ಮುಂದೆ ಎಳೆದು ಗಾಳಿ ಆಡಲು ಬಿಡಿ, ಒಡವೆಯನ್ನು ಮಧ್ಯದ ಅರೆಯಲ್ಲಿ ಇಡಿ.

ಅಂಗಡಿ ಕೊಡುವ ವೆಲ್ವೆಟ್ ಪೆಟ್ಟಿಗೆ ಮಳೆಗಾಲಕ್ಕೆ ಒಳ್ಳೆಯದಲ್ಲ. ಅದು ತೇವ ಹೀರುತ್ತದೆ, ಬೂಸಲು ಹಿಡಿಯುತ್ತದೆ. ಒಂದೊಂದು ಒಡವೆಗೆ ಒಂದೊಂದು ಸಣ್ಣ ಜಿಪ್ ಚೀಲ, ಮೆತ್ತನೆ ಪಾಲಿಥಿನ್‌ನದು. ವಾಸನೆ ಬರುವ ದಪ್ಪ ಪಿವಿಸಿ ಚೀಲ ಬೇಡ, ಅದರಿಂದ ಹೊರಬರುವ ಕ್ಲೋರಿನ್ ಅಂಶ ಬೆಳ್ಳಿಗೆ, ಲೇಪದ ಒಡವೆಗೆ ಕೆಟ್ಟದ್ದು. ನ್ಯೂಸ್‌ಪೇಪರಿನಲ್ಲಿ ಸುತ್ತಬೇಡಿ. ಹರಳಿನ ಒಡವೆಯನ್ನು ಹತ್ತಿಯಲ್ಲೂ ಸುತ್ತಬೇಡಿ, ಎಳೆ ಕೊಕ್ಕೆಗೆ ಸಿಕ್ಕಿ ಎಳೆಯುವಾಗ ಹರಳು ಸಡಿಲಾಗುತ್ತದೆ.

ಚೈನನ್ನು ಚೀಲಕ್ಕೆ ಹಾಕುವಾಗ ಕೊಂಡಿ ಹಾಕಿ, ಆ ಕೊಂಡಿಯ ತುದಿ ಮಾತ್ರ ಚೀಲದ ಹೊರಗೆ ಉಳಿಯುವಂತೆ ಜಿಪ್ ಮುಚ್ಚಿ. ಗಂಟಾಗುವುದಿಲ್ಲ. ಗಂಟಾಗಿಯೇ ಹೋದರೆ ಎಳೆಯಬೇಡಿ. ಗಾಜಿನ ಮೇಲೆ ಇಟ್ಟು ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಎರಡು ಸೂಜಿಯಿಂದ ಗಂಟನ್ನು ಹಿಗ್ಗಿಸಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಬಳೆಗಳ ನಡುವೆ ಬಟ್ಟೆಯ ಪಟ್ಟಿ ಇರಲಿ. ವಜ್ರವನ್ನು ಎಲ್ಲಕ್ಕಿಂತ ದೂರ ಇಡಿ: ಗಡಸುತನ 10, ಪಕ್ಕದ ಮಾಣಿಕ್ಯ, ಮುತ್ತು, ಚಿನ್ನ ಎಲ್ಲವನ್ನೂ ಗೀರುತ್ತದೆ.

ಚೀಲಗಳನ್ನೆಲ್ಲ ಬಿಗಿಯಾಗಿ ಮುಚ್ಚುವ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪುಡಿಕೆಗಳು. ಹೊಸ ಶೂ ಡಬ್ಬಿಯಲ್ಲಿ ಬರುವುದು ಅದೇ. ಮೇ ಕೊನೆಗೆ ಹೊಸದು ಹಾಕಿ, ಆಗಸ್ಟ್‌ನಲ್ಲಿ ಬದಲಾಯಿಸಿ, ತುಂಬಿದ ಪುಡಿಕೆ ತೇವ ಹೀರುವುದಿಲ್ಲ. ಸೀಮೆಸುಣ್ಣ ಇಡುವ ಹಳೇ ಪದ್ಧತಿ ತಪ್ಪಲ್ಲ, ಆದರೆ ಮುಂಬೈ ಮಳೆಗೆ ಅದು ಸಾಲದು. ಮುತ್ತನ್ನು ಈ ಡಬ್ಬಿಯಲ್ಲಿ ಇಡಬೇಡಿ. ಅದಕ್ಕೆ ಚೂರು ತೇವ ಬೇಕು, ಪೂರ್ತಿ ಒಣಗಿದರೆ ಬಿರುಕು ಬಿಡುತ್ತದೆ. ಮೆತ್ತನೆ ಬಟ್ಟೆ ಚೀಲದಲ್ಲಿ ಬೇರೆಯಾಗಿ ಇಡಿ.

ಟ್ರೇನು, ರಸ್ತೆ, ಮದುವೆ ಮನೆ

ಲೋಕಲ್ ಹತ್ತುವಾಗ ಸರ ಕುಪ್ಪಸದ ಒಳಗೆ ಇರಲಿ. ಉದ್ದ ಜುಮಕಿ ಬ್ಯಾಗಿನಲ್ಲಿ ಇರಲಿ, ಆಫೀಸು ತಲುಪಿ ಹಾಕಿಕೊಳ್ಳಿ. ಬಾಗಿಲ ಹತ್ತಿರ, ಕಿಟಕಿ ಪಕ್ಕ ಕೂತಾಗ ಕುತ್ತಿಗೆ ಮುಚ್ಚಿಕೊಳ್ಳಿ, ಟ್ರೇನು ಹೊರಡುವ ಹೊತ್ತಿಗೆ ಪ್ಲಾಟ್‌ಫಾರ್ಮಿನಿಂದ ಕೈ ಬರುವುದು ಅಲ್ಲೇ. ಕೈ ತೊಳೆಯಲು ಉಂಗುರ ತೆಗೆದರೆ ಟಿಶ್ಯೂ ಪೇಪರಿನಲ್ಲಿ ಸುತ್ತಬೇಡಿ, ಅದು ನೇರ ಕಸದ ಬುಟ್ಟಿಗೆ ಹೋಗುತ್ತದೆ. ಪರ್ಸಿನ ಜಿಪ್ ಖಾನೆಯೊಂದನ್ನು ಇದಕ್ಕೇ ಅಂತ ಮೀಸಲಿಡಿ. ಭಾರದ ಓಲೆಗೆ ಮಾಟಿ ಹಾಕಿ, ಭಾರ ಕೂದಲಿಗೆ ಹೋಗುತ್ತದೆ.

ಆರು ತಿಂಗಳಿಗೊಮ್ಮೆ ಎರಡು ಪರೀಕ್ಷೆ. ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ. ಟಿಕ್ ಟಿಕ್ ಅಂದರೆ ಹರಳು ಸಡಿಲ. ಹತ್ತಿ ಬಟ್ಟೆಯ ಮೇಲೆ ಮೆಲ್ಲಗೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಕೊಕ್ಕೆ ಎದ್ದಿದೆ.

ಅಕ್ಕಸಾಲಿಗರ ಹತ್ತಿರ ಯಾವಾಗ, ಹೇಗೆ

ಕೊಕ್ಕೆ ಎದ್ದರೆ, ಕುಣಿಕೆ ತೆಳುವಾದರೆ, ಬೆಸುಗೆ ಬಿಟ್ಟರೆ, ಬಿಳಿ ಚಿನ್ನದ ಮೇಲಿನ ರೋಡಿಯಂ ಲೇಪ ಹೋಗಿ ಹಳದಿ ಇಣುಕಿದರೆ ಹೋಗಿ. ಬರೀ ಹೊಳಪಿಗಾಗಿ ಪದೇ ಪದೇ ಪಾಲಿಶ್ ಮಾಡಿಸಬೇಡಿ. ಪ್ರತಿ ಪಾಲಿಶ್‌ಗೂ ಚಿನ್ನ ಒಂದಿಷ್ಟು ಹೋಗುತ್ತದೆ. ಎಷ್ಟು ಹೋಗಬಹುದು ಅಂತ ಅನುಮಾನ ಇದ್ದರೆ ಜವೇರಿ ಬಜಾರಿನ ಗಲ್ಲಿಗಳನ್ನು ನೋಡಿ: ಅಲ್ಲಿ ಕಾರ್ಖಾನೆ, ಅಂಗಡಿಗಳ ಮುಂದಿನ ಧೂಳು ಗುಡಿಸಿ, ಬಾಣಲೆಯಲ್ಲಿ ತೊಳೆದು, ಅದರಿಂದ ಚಿನ್ನದ ಕಣ ಹೆಕ್ಕಿ ಸಂಸಾರ ನಡೆಸುವವರಿದ್ದಾರೆ.

ಕೊಡುವ ಮುಂಚೆ ನಿಮ್ಮ ಎದುರೇ ತೂಕ ಮಾಡಿಸಿ, ರಸೀದಿಯ ಮೇಲೆ ಗ್ರಾಂನಲ್ಲಿ ಬರೆಸಿ. ನಾವು ಪವನು, ಸವರನ್ ಅನ್ನುತ್ತೇವೆ, ಅದು 8 ಗ್ರಾಂ. ಇಲ್ಲಿನವರು ತೊಲಾ ಅನ್ನುತ್ತಾರೆ. ಹಳೇ ಲೆಕ್ಕದ ತೊಲಾ 11.66 ಗ್ರಾಂ, ಈಗ ಅಂಗಡಿಯಲ್ಲಿ 10 ಗ್ರಾಂಗೇ ತೊಲಾ ಅನ್ನುವುದು ರೂಢಿ. ಗ್ರಾಂ ಬರೆದರೆ ಮಾತಿಗೆ ಜಾಗ ಇಲ್ಲ. ಫೋನಿನಲ್ಲಿ ನಾಲ್ಕೂ ಬದಿ ಫೋಟೋ ತೆಗೆದುಕೊಳ್ಳಿ, ಹರಳಿನ ಎಣಿಕೆ ಬರೆಸಿ.

ಮನೆ ಬಾಗಿಲಿಗೆ ಬಂದು "ಒಡವೆ ಪಾಲಿಶ್ ಮಾಡಿಕೊಡುತ್ತೇವೆ" ಅನ್ನುವವರನ್ನು ಒಳಗೆ ಸೇರಿಸಲೇಬೇಡಿ. ಮೊದಲು ಹಿತ್ತಾಳೆ ಗಂಟೆ ಫಳಫಳ ಮಾಡಿ ತೋರಿಸುತ್ತಾರೆ. ಆಮೇಲೆ ಬಳೆಯನ್ನು ಒಂದು ದ್ರಾವಣಕ್ಕೆ ಅದ್ದುತ್ತಾರೆ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆ್ಯಸಿಡ್ ಬೆರೆಸಿದ ಆಕ್ವಾ ರೀಜಿಯಾ ಚಿನ್ನವನ್ನೇ ಕರಗಿಸಿಕೊಳ್ಳುತ್ತದೆ. ಬಳೆ ನಿಮ್ಮ ಕೈಗೆ ಬರುತ್ತದೆ, ಅದರ ಚಿನ್ನ ಅವರ ಬಾಟಲಿಯಲ್ಲಿ ಹೋಗುತ್ತದೆ. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವ ಅತ್ತೆ, ಅಮ್ಮನಿಗೆ ಇದನ್ನು ಬಿಡಿಸಿ ಹೇಳಿ.

ಲಾಕರು ಮತ್ತು ಪಟ್ಟಿ

ದಿನಾ ಹಾಕದ್ದು ಲಾಕರಿಗೆ. ಆದರೆ ಲಾಕರ್ ಅಂದರೆ ವಿಮೆ ಅಲ್ಲ. 2022ರ ಜನವರಿ 1ರಿಂದ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ಬ್ಯಾಂಕ್ ನೌಕರರ ವಂಚನೆ ಇವುಗಳಲ್ಲಿ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿ ಇದ್ದರೆ ಸಿಗುವುದು 3 ಲಕ್ಷ, ಒಳಗೆ ಎಷ್ಟೇ ಇರಲಿ. ಪ್ರವಾಹದಂಥ ಪ್ರಕೃತಿ ವಿಕೋಪಕ್ಕೆ ಬ್ಯಾಂಕ್ ಹೊಣೆಯಲ್ಲ, ಅದರ ಕಡೆಯಿಂದ ನಿರ್ಲಕ್ಷ್ಯ ಆಗಿದ್ದರೆ ಬೇರೆ ಮಾತು. ನೀರು ನಿಲ್ಲುವ ರಸ್ತೆಯ ಶಾಖೆಯಲ್ಲಿ ಕೆಳಗಿನ ಸಾಲಿನ ಲಾಕರ್ ಬೇಡ ಅಂತ ಕೇಳಿ ನೋಡಿ. ವರ್ಷಕ್ಕೆ ಎರಡು ಸಲವಾದರೂ ತೆರೆಯಿರಿ. 7 ವರ್ಷ ಮುಟ್ಟದೆ, ಬ್ಯಾಂಕಿಗೆ ನಿಮ್ಮ ಪತ್ತೆಯೂ ಸಿಗದಿದ್ದರೆ, ಬಾಡಿಗೆ ಕಟ್ಟುತ್ತಿದ್ದರೂ ಬ್ಯಾಂಕ್ ಅದನ್ನು ತೆರೆಯಬಹುದು. ಮನೆ ವಿಮೆ ಇದ್ದರೆ ಒಡವೆಗೂ ರಕ್ಷಣೆ ಸೇರಿಸಲು ಆಗುತ್ತದಾ ಅಂತ ವಿಚಾರಿಸಿ.

ಒಂದು ಪಟ್ಟಿ ಮಾಡಿ: ಒಡವೆ, ಗ್ರಾಂ, ಎಚ್‌ಯುಐಡಿ, ಫೋಟೋ, ಬಿಲ್ಲು, ಎಲ್ಲಿಟ್ಟಿದೆ. ಬಿಲ್ಲಿನ ಅಕ್ಷರ ಕೆಲವು ವರ್ಷಕ್ಕೆ ಅಳಿಸಿಹೋಗುತ್ತದೆ, ಫೋಟೋ ಬೇಕೇ ಬೇಕು. ಕಳವಾದರೆ ಪೊಲೀಸರು ಕೇಳುವುದು, ವಿಮೆಯವರು ಕೇಳುವುದು ಇದನ್ನೇ.

ಬೇಸಿನ್‌ನೊಳಗೆ ಬಿದ್ದರೆ

ಕೂಡಲೇ ನಲ್ಲಿ ನಿಲ್ಲಿಸಿ. "ಹೋಗಿರಬಹುದಾ" ಅಂತ ನೀರು ಬಿಟ್ಟು ನೋಡಬೇಡಿ. ಬೇಸಿನ್‌ನ ಕೆಳಗೆ ಬಾಗಿದ ಪೈಪು ಅಥವಾ ಬಾಟಲಿಯಂಥ ತುಂಡು ಇರುತ್ತದೆ, ಭಾರದ ವಸ್ತು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಬಕೆಟ್ ಇಟ್ಟು ಕೈಯಿಂದ ತಿರುಗಿಸಿ ಬಿಚ್ಚಿ. ಬಿಗಿಯಾಗಿದ್ದರೆ ಪ್ಲಂಬರ್ ಬರುವವರೆಗೆ ಆ ಬೇಸಿನ್ ಯಾರೂ ಬಳಸದಂತೆ ಮೇಲೊಂದು ತಟ್ಟೆ ಮುಚ್ಚಿ ಇಡಿ, ಮನೆಯ ಕೆಲಸದವರಿಗೂ ಹೇಳಿ. ಬಕೆಟ್ಟಿನ ಕೆಸರನ್ನು ಟೀ ಜಾಲರಿಯಲ್ಲಿ ಸೋಸಿ. ಫ್ಲ್ಯಾಟ್‌ನ ನೆಲದ ಮೋರಿಗೆ ಬಿದ್ದರೆ ಅದರ ಜಾಲರಿಯ ಕೆಳಗಿನ ಬಟ್ಟಲನ್ನು ಎತ್ತಿ ನೋಡಿ, ತಿರುಪಿನಂಥ ಸಣ್ಣ ಚೂರು ಕೂದಲಿನ ಗಂಟಿನಲ್ಲಿ ಸಿಕ್ಕಿಕೊಂಡಿರುತ್ತದೆ.